ಐಸ್ ಪೆಟ್ಟಿಗೆಯೊಳಗಿನ ಗ್ಲೌಸು

ಹಾಜರಿ ಕರೆಯುವಾಗ ಬಿಟ್ಟರೆ ಕಾಲೇಜಿನಲ್ಲಿ ಅವಳ ನಿಜವಾದ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಎಲ್ಲರಿಗೂ ಅವಳು ಸಿಡುಕಿ. ಆಟಗಾರರ ಗಾಯಗಳ ಆರೈಕೆ ಮತ್ತು ಆರೋಗ್ಯ ಶಿಕ್ಷಣ ಕಲಿಸುವ ಕೋರ್ಸಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ನೋವು ಮುಚ್ಚಿಟ್ಟುಕೊಂಡು ಆಡುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಉಳುಕಿದ ಕಾಲನ್ನು ಕಾಲ್ಚೀಲದೊಳಗೆ ಅಡಗಿಸಿಕೊಂಡು ಮೈದಾನಕ್ಕೆ ಇಳಿಯಲು ನೋಡಿದ ಎಷ್ಟೋ ಹುಡುಗಿಯರು ಅವಳ ಬಾಯಿಗೆ ಹೆದರಿ ಬೆಂಚಿನ ಮೇಲೆ ಕೂತದ್ದುಂಟು. ಮನೆಯಲ್ಲಿ ಅಮ್ಮ, "ಕೋಪ ನಿನ್ನ ಮೂಗಿನ ತುದೀಲೇ ಮನೆ ಮಾಡ್ಕೊಂಡಿದೆ. ಬಾಡಿಗೇನೂ ಕೊಡಲ್ಲ, ಖಾಲೀನೂ ಮಾಡಲ್ಲ" ಅನ್ನುತ್ತಿದ್ದಳು.

ಅವಳ ಸಿಡುಕು ತಣ್ಣಗಾಗುತ್ತಿದ್ದದ್ದು ಒಬ್ಬರ ಮುಂದೆ ಮಾತ್ರ. ಅವರು ಗಾಯಗಳ ಪಾಠ ಮಾಡುತ್ತಿದ್ದ ಮೇಷ್ಟ್ರು. ತಲೆಗೆ ಬೀಳುವ ಪೆಟ್ಟಿನ ಬಗ್ಗೆ ಹೇಳುವಾಗ ಅವರು ಪುಸ್ತಕ ಮುಚ್ಚಿಬಿಡುತ್ತಿದ್ದರು. ಎಷ್ಟೋ ವರ್ಷದ ಹಿಂದೆ ಅವರ ಕಣ್ಣೆದುರೇ ಒಬ್ಬ ಹುಡುಗ ಪೆಟ್ಟು ತಿಂದು ಎದ್ದು, ನಕ್ಕು, ಮತ್ತೆ ಆಡಿ, ಎರಡನೇ ಪೆಟ್ಟಿಗೆ ಬಿದ್ದವನು ಏಳಲೇ ಇಲ್ಲವಂತೆ. "ಅನುಮಾನ ಬಂತಾ, ಹೊರಗೆ ಕೂರಿಸಿ. ಯಾರು ಬೈದ್ರೂ ಬೈಸ್ಕೊಳ್ಳಿ" ಎಂದು ಮೇಜು ಕುಟ್ಟಿ ಹೇಳುತ್ತಿದ್ದರು. ಆ ಪಾಠ ಮೊದಲ ಸಲ ಕೇಳಿದ ದಿನ ಸಿಡುಕಿ ಕ್ಲಾಸು ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತಲ್ಲೇ ಕೂತಿದ್ದಳು.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ ಕೋಣೆಯಲ್ಲಿ ನಡೆಯುವುದಲ್ಲ. ನಿಜವಾದ ಪಂದ್ಯದಲ್ಲಿ ಗೆರೆಯ ಪಕ್ಕ ನಿಂತು ಕೆಲಸ ಮಾಡಬೇಕು, ಮೇಷ್ಟ್ರು ನೋಡಿ ಅಂಕ ಹಾಕುತ್ತಾರೆ. ಸಿಡುಕಿಯ ಪಾಲಿಗೆ ಬಂದದ್ದು ಹುಡುಗಿಯರ ಫುಟ್‌ಬಾಲ್ ಫೈನಲ್. ದೊಡ್ಡ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವವರು ಅಂದು ಗ್ಯಾಲರಿಯಲ್ಲಿ ಕೂತಿದ್ದರು. ಅವರು ಬಂದದ್ದು ಮುಖ್ಯವಾಗಿ ಕಾಲೇಜು ತಂಡದ ಗೋಲ್‌ಕೀಪರನ್ನು ನೋಡಲು. ಉದ್ದನೆಯ ಕೈ, ಅಗಲ ಭುಜದ ಆ ಹುಡುಗಿಯನ್ನು ಎಲ್ಲರೂ ಗೋಡೆ ಎನ್ನುತ್ತಿದ್ದರು.

ಎರಡನೇ ಅರ್ಧದಲ್ಲಿ ಚೆಂಡಿಗೆಂದು ಗೋಡೆ ಎದುರಾಳಿಯ ಕಾಲಿನ ಕೆಳಗೆ ಹಾರಿದಳು. ಓಡಿ ಬರುತ್ತಿದ್ದವಳ ಮೊಣಕಾಲು ಅವಳ ಕಿವಿಯ ಮೇಲೆ, ತಲೆಯ ಪಕ್ಕಕ್ಕೆ ಬಡಿಯಿತು. ಸಿಡುಕಿ ಓಡಿಹೋದಾಗ ಗೋಡೆ ಎದ್ದು ಕೂತಿದ್ದಳು.

"ಈಗ ಎಷ್ಟನೇ ಹಾಫು?" ಎಂದು ಕೇಳಿದಳು ಸಿಡುಕಿ.

"ಮೊದಲನೇದು. ಯಾಕೆ?"

"ಗೋಲ್ ಯಾರು ಹೊಡೆದ್ರು?"

ಗೋಡೆ ಯೋಚಿಸಿದಳು. ಅವಳ ನೋಟ ಸಿಡುಕಿಯ ಮುಖದ ಮೇಲೆ ನಿಲ್ಲದೆ ಎಲ್ಲೋ ಜಾರುತ್ತಿತ್ತು. "ಆಮೇಲೆ ಹೇಳ್ತೀನಿ" ಅಂದಳು.

ಸಿಡುಕಿ ಅವಳನ್ನು ಹೊರಗೆ ಕರೆತಂದು ಬೆಂಚಿನ ಮೇಲೆ ಕೂರಿಸಿ, ಗ್ಲೌಸು ಬಿಚ್ಚಿ, ಕೈಯ ಹಿಡಿತ ನೋಡತೊಡಗಿದಳು. ಅಷ್ಟರಲ್ಲಿ ತಂಡದ ಕೋಚ್ ಬಂದ. "ಐದು ನಿಮಿಷ ನೀರು ಕುಡಿಸಿ ಒಳಗೆ ಕಳಿಸು."

"ಇವತ್ತು ಇವಳು ಆಡಲ್ಲ ಸರ್."

"ಅದನ್ನ ಹೇಳೋಕೆ ನೀನ್ಯಾರು? ಪರೀಕ್ಷೆ ಬರೆಯೋಕೆ ಬಂದಿರೋಳು ನೀನು."

ಸಿಡುಕಿ ಮೇಷ್ಟ್ರ ಕಡೆ ತಿರುಗಿದಳು. ಅವರು ಬಂದೇ ಬರುತ್ತಾರೆ, ಕೋಚ್‌ನ ಬಾಯಿ ಮುಚ್ಚಿಸುತ್ತಾರೆ ಎಂದು ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೇಷ್ಟ್ರು ಬಂದರು. ಗ್ಯಾಲರಿಯ ಕಡೆ ಒಮ್ಮೆ ನೋಡಿದರು, ಕೋಚ್‌ನ ಮುಖ ನೋಡಿದರು, ಆಮೇಲೆ ಗೋಡೆಯ ಮುಂದೆ ಬಗ್ಗಿ ಬೆರಳು ತೋರಿಸಿದರು.

"ಎಷ್ಟಮ್ಮಾ ಇದು?"

"ಎರಡು."

"ಸರಿಯಾಗೇ ಹೇಳ್ತಾಳಲ್ಲ" ಎಂದು ಎದ್ದರು.

"ಸರ್, ಬೆರಳು ಎಣಿಸಿದ ಮಾತ್ರಕ್ಕೆ ತಲೆ ಸರಿ ಇದೆ ಅಂತ ಅಲ್ಲ. ನೀವೇ ಹೇಳಿದ್ದು."

ಮೇಷ್ಟ್ರು ದನಿ ತಗ್ಗಿಸಿದರು. "ಕ್ಲಾಸು ಬೇರೆ, ಗ್ರೌಂಡು ಬೇರೆ ಕಣಮ್ಮಾ. ಸ್ವಲ್ಪ ನೋಡ್ಕೊಂಡು ನಡ್ಕೋಬೇಕು."

ಸಿಡುಕಿಗೆ ಕೋಪ ನೆತ್ತಿಗೇರಿತು. ಕೋಚ್ ಹಾಗೆ ಅಂದಿದ್ದರೆ ಅವಳು ಬೈದು ಸುಮ್ಮನಾಗುತ್ತಿದ್ದಳೇನೋ. ಗೋಡೆ ಆಗಲೇ ಗ್ಲೌಸಿಗೆ ಕೈ ಚಾಚಿದ್ದಳು. ಸಿಡುಕಿ ಅವೆರಡನ್ನೂ ಕಿತ್ತುಕೊಂಡು ಪಕ್ಕದಲ್ಲಿದ್ದ ಐಸ್ ಪೆಟ್ಟಿಗೆಯೊಳಗೆ ಎಸೆದು, ಮುಚ್ಚಳ ಹಾಕಿ, ಅದರ ಮೇಲೆ ಕೂತುಬಿಟ್ಟಳು.

"ಏಳು ಮೇಲೆ" ಅಂದ ಕೋಚ್.

"ಏಳಲ್ಲ."

"ಕೊನೇ ಸಲ ಹೇಳ್ತಿದೀನಿ."

"ಎಷ್ಟು ಸಲ ಬೇಕಾದ್ರೂ ಹೇಳಿ ಸರ್. ಆರಾಮಾಗಿ ಕೂತಿದೀನಿ."

ಅವಳು ಮುಚ್ಚಳದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಕೋಚ್ ಬದಲಿ ಗೋಲ್‌ಕೀಪರ್ ಹುಡುಗಿಯ ಗ್ಲೌಸು ಬಿಚ್ಚಿಸಿ ಗೋಡೆಗೆ ಕೊಡಿಸಲು ಹೊರಟ. ಅಷ್ಟರಲ್ಲಿ ರೆಫರಿ ತಾಳ್ಮೆ ಕಳೆದುಕೊಂಡು ಸೀಟಿ ಊದಿದ. ಬದಲಿ ಹುಡುಗಿ ಯಾರ ಮುಖವನ್ನೂ ನೋಡದೆ ಒಳಗೆ ಓಡಿದಳು; ಇನ್ನು ಗೋಡೆ ಮತ್ತೆ ಒಳಗೆ ಹೋಗುವಂತಿರಲಿಲ್ಲ. ಆಟ ಮುಗಿಯಲು ಸ್ವಲ್ಪ ಇರುವಾಗ ಮಗು ಹಿಡಿಯಬಹುದಾದಂಥ ಚೆಂಡೊಂದು ಅವಳ ಕೈಯಿಂದ ಜಾರಿ ಗೋಲಿನೊಳಗೆ ಉರುಳಿತು. ತಂಡ ಸೋತಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರೂ ಸಿಡುಕಿಯ ಜೊತೆ ಮಾತಾಡಲಿಲ್ಲ. ಗೋಡೆ ಒಬ್ಬಳೇ ಹತ್ತಿರ ಬಂದು, "ನನ್ನ ಅನ್ನಕ್ಕೆ ಕಲ್ಲು ಹಾಕಿದೆ ನೀನು. ಇನ್ನು ನನ್ನ ಕಣ್ಣಿಗೆ ಬೀಳಬೇಡ" ಎಂದು ಹೇಳಿ ಹೋದಳು.

ಮಾರನೇ ದಿನ ಆಸ್ಪತ್ರೆಯಲ್ಲಿ ಗೋಡೆಯ ತಲೆಯ ಸ್ಕ್ಯಾನ್ ಮಾಡಿಸಿದರು. ಏನೂ ಕಾಣಲಿಲ್ಲ. ಇಂಥ ಪೆಟ್ಟು ಸ್ಕ್ಯಾನಿನಲ್ಲಿ ಕಾಣುವುದೇ ಅಪರೂಪ ಎಂಬುದು ಮೇಷ್ಟ್ರೇ ಕಲಿಸಿದ ಪಾಠ. ಆದರೂ ಕೋಚ್ ಆ ಫಿಲ್ಮನ್ನು ಕಪ್ ಗೆದ್ದವನ ಹಾಗೆ ಹಿಡಿದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದ. ಸಿಡುಕಿಗೂ ಕರೆ ಬಂತು.

"ನೋಡಮ್ಮಾ, ಹುಡುಗಿಗೆ ಏನೂ ಆಗಿಲ್ಲ" ಅಂದರು ಪ್ರಿನ್ಸಿಪಾಲರು.

"ಏನೂ ಆಗಬಾರದು ಅಂತ ತಾನೇ ಸರ್ ನಾನು ಅಲ್ಲಿ ಇದ್ದದ್ದು?"

"ಮಾತಿಗೆ ಮಾತು ಬೇಡ."

ಕಿಟಕಿಯ ಪಕ್ಕ ನಿಂತಿದ್ದ ಮೇಷ್ಟ್ರು ಹೊರಗಿನ ಸೈಕಲ್ ಸ್ಟ್ಯಾಂಡ್ ನೋಡುತ್ತಿದ್ದರು. ಪರೀಕ್ಷೆಯಲ್ಲಿ ಅವರೇ ಅವಳನ್ನು ಫೇಲ್ ಮಾಡಿದರು. ತಂಡದೊಂದಿಗೆ ಹೊಂದಾಣಿಕೆ ಇಲ್ಲ ಎಂಬುದು ಕೊಟ್ಟ ಕಾರಣ. ಒಂದು ವರ್ಷ ಕಾದು ಮತ್ತೆ ಬರೆಯಬೇಕಿತ್ತು. ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡವಳಂತೆ ಅವಳು ಮನೆಯಲ್ಲಿ ಓಡಾಡಿದಳು, ಬಾಗಿಲುಗಳನ್ನು ದಡಾರನೆ ಹಾಕಿದಳು. ಅಮ್ಮ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಿ, "ಬಾಗಿಲು ಯಾವ ಪಾಪ ಮಾಡಿದೆಯೇ" ಎಂದಷ್ಟೇ ಕೇಳಿದಳು.

ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಬಾಗಿಲಲ್ಲಿ ಗೋಡೆ ನಿಂತಿದ್ದಳು. ಮುಖ ಗಂಟಿಕ್ಕಿಕೊಂಡೇ ಒಳಗೆ ಬಂದಳು. ಅಮ್ಮ ಮೆಷಿನ್ ತುಳಿದಾಗ ಎರಡೂ ಕಿವಿ ಮುಚ್ಚಿಕೊಂಡಳು. ಅಮ್ಮ ತಕ್ಷಣ ಕಾಲು ತೆಗೆದು, ಏನೂ ಕೇಳದೆ ಅಡುಗೆಮನೆಗೆ ಹೋದಳು.

"ತಲೆನೋವು ಹೋಗ್ತಿಲ್ಲ. ಓದೋಕೆ ಕೂತ್ರೆ ಅಕ್ಷರ ಓಡಾಡ್ತವೆ. ಬೆಳಕು ಕಂಡ್ರೆ ವಾಂತಿ ಬರುತ್ತೆ" ಅಂದಳು ಗೋಡೆ.

"ಡಾಕ್ಟರಿಗೆ ಹೇಳಿದ್ಯಾ?"

"ಇಲ್ಲ. ಯಾರಿಗೂ ಹೇಳಿಲ್ಲ. ಆರಿಸೋರು ಇನ್ನೊಂದು ಸಲ ನೋಡ್ತಾರಂತೆ, ನಾಳೆ ಬೆಳಗ್ಗೆ. ನಾಳೆ ಒಂದು ದಿನ ತಡೆಯೋ ಹಾಗೆ ಏನಾದ್ರೂ ಮಾತ್ರೆ ಇದ್ರೆ ಕೊಡು. ನಿನಗೆ ಗೊತ್ತಿರುತ್ತೆ."

ಸಿಡುಕಿಗೆ ಬೇಕಾಗಿದ್ದ ಸಾಕ್ಷಿ ತಾನಾಗಿ ನಡೆದುಬಂದು ಕುರ್ಚಿಯ ಮೇಲೆ ಕೂತಿತ್ತು. ಈ ಹುಡುಗಿಯನ್ನು ಹೀಗೇ ಕೈಹಿಡಿದು ಪ್ರಿನ್ಸಿಪಾಲರ ಕೋಣೆಗೆ ಕರೆದೊಯ್ದರೆ ಸಾಕಿತ್ತು. ಕೋಚ್‌ನ ಮುಖ ಹೇಗಾಗಬಹುದು ಎಂದು ಒಂದು ಕ್ಷಣ ನೆನೆದು ಸುಖವನ್ನೂ ಪಟ್ಟಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗೆ?"

"ಡಾಕ್ಟರ ಹತ್ರ. ಈಗ ನನಗೆ ಹೇಳಿದ್ಯಲ್ಲ, ಅದನ್ನೇ ಅಲ್ಲಿ ಹೇಳ್ತೀಯ. ಒಂದಕ್ಷರ ನುಂಗಿದ್ರೆ ನಾನೇ ಹೇಳ್ತೀನಿ."

"ಕೋಚಿಗೆ ಗೊತ್ತಾದ್ರೆ ಟೀಮಿಂದ ತೆಗೀತಾನೆ. ನೀನು ಕಾಲೇಜಲ್ಲಿ ಎಲ್ಲೂ ಹೇಳಬಾರದು."

"ನಿನ್ನ ತಲೆ, ನಿನ್ನ ಮಾತು. ನಾನು ಯಾರಿಗೂ ಹೇಳಲ್ಲ. ಆದ್ರೆ ನಾಳೆ ನೀನು ಗ್ರೌಂಡಿಗೆ ಕಾಲಿಟ್ರೆ, ಸೀದಾ ಗೋಲ್ ಮುಂದೆ ಬಂದು ಮಲಗ್ತೀನಿ. ನನ್ನ ದಾಟ್ಕೊಂಡು ಆಡು."

ಗೋಡೆಗೆ ನಗು ಬಂತು. ನಕ್ಕರೆ ತಲೆ ಸಿಡಿಯುತ್ತಿತ್ತು, ಹಾಗಾಗಿ ಅಳತೊಡಗಿದಳು.

ಡಾಕ್ಟರು ಎಲ್ಲ ಕೇಳಿಸಿಕೊಂಡರು. ಲಕ್ಷಣಗಳು ಪೂರ್ತಿ ಹೋಗುವವರೆಗೆ ಚೆಂಡು ಮುಟ್ಟಬಾರದು, ಮತ್ತೊಂದು ಪೆಟ್ಟು ಬಿದ್ದರೆ ತಮ್ಮಿಂದಲೂ ಏನೂ ಮಾಡಲಾಗದು ಎಂದು ಬಿಡಿಸಿ ಹೇಳಿದರು. ವಾಪಸ್ಸು ಬರುವಾಗ ಬಸ್ ನಿಲ್ದಾಣದ ನೆರಳಿನಲ್ಲಿ ಗೋಡೆ, "ನಿನ್ನ ಮೇಲೆ ನನಗೆ ಇನ್ನೂ ಕೋಪ ಇದೆ" ಅಂದಳು.

"ಇರಲಿ. ನನಗೂ ನಿನ್ನ ಮೇಲೆ ಇದೆ."

ಗೋಡೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ಹೇಳಿಕಳಿಸಿ ಆ ಆಯ್ಕೆಗೆ ಹೋಗಲಿಲ್ಲ. ಸಿಡುಕಿ ಮಾತಿಗೆ ತಪ್ಪದೆ ಕಾಲೇಜಿನಲ್ಲಿ ಯಾರಿಗೂ ಹೇಳಲಿಲ್ಲ. ಪರೀಕ್ಷೆಗೆ ಮತ್ತೆ ಹೆಸರು ಬರೆಸಲು ಹೋದ ದಿನ ಕಾಲೇಜಿನ ಮೆಟ್ಟಿಲ ಮೇಲೆ ಮೇಷ್ಟ್ರು ಎದುರಾದರು. ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಅವತ್ತು ನೀನು ಮಾಡಿದ್ದು ಸರಿ ಅಂತ ನನಗೂ ಗೊತ್ತಮ್ಮಾ" ಅಂದರು.

ಸಿಡುಕಿ ಇಷ್ಟು ದಿನ ಯಾರ ಬಾಯಿಂದಲಾದರೂ ಕೇಳಬೇಕೆಂದುಕೊಂಡಿದ್ದ ಮಾತು ಅದು. ಕೇಳಿದ ಮೇಲೆ ಮೈಯೆಲ್ಲ ಉರಿಯಿತು.

"ಅವಳಿಗೆ ಏನೂ ಆಗಿಲ್ಲ ಅಂತ ನಿಜವಾಗ್ಲೂ ನಂಬಿ ಮಾಡಿದ್ರಿ ಅಂದ್ಕೊಂಡಿದ್ದೆ ಸರ್. ಹಾಗಿದ್ದಿದ್ರೆ ಯಾವತ್ತಾದ್ರೂ ಒಂದು ದಿನ ನಿಮ್ಮನ್ನ ಕ್ಷಮಿಸ್ತಿದ್ದೆ."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಅವಳು ನಿಲ್ಲಲಿಲ್ಲ. ಮುಂದಿನ ವರ್ಷ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಪಾಸಾದಳು. ಗೋಡೆ ಅಷ್ಟರಲ್ಲಿ ಗುಣವಾಗಿ ಮತ್ತೆ ಗೋಲಿನ ಮುಂದೆ ನಿಂತಿದ್ದಳು. ದೊಡ್ಡ ತಂಡಕ್ಕೆ ಅವಳ ಹೆಸರು ಬರಲಿಲ್ಲ, ಆದರೆ ಆಡುತ್ತಿದ್ದಳು. ಮೇಷ್ಟ್ರು ಆಗಲೂ ಅದೇ ಪಾಠ ಮಾಡುತ್ತಿದ್ದರು. ಏನಾದರೂ ಕೆಲಸಕ್ಕೆ ಕಾಲೇಜಿಗೆ ಹೋಗಿ ಆ ಕ್ಲಾಸಿನ ಬಾಗಿಲ ಮುಂದೆ ಹಾದುಹೋಗುವಾಗೆಲ್ಲ ಸಿಡುಕಿಯ ಹಲ್ಲು ತಾನಾಗಿ ಬಿಗಿಯುತ್ತಿತ್ತು.