ಜಿಪುಣಿಯ ಪಟ್ಟಿ

ಅವಳ ಮನೆಯ ಎಣ್ಣೆ ಬಾಟಲಿಯ ಮುಚ್ಚಳಕ್ಕೆ ಕಾಯಿಸಿದ ಮೊಳೆಯಿಂದ ಮಾಡಿದ ಒಂದೇ ಒಂದು ತೂತಿತ್ತು. ಬಾಟಲಿಯನ್ನು ತಲೆಕೆಳಗು ಮಾಡಿ ಎಷ್ಟು ಅಲುಗಾಡಿಸಿದರೂ ಎಣ್ಣೆ ಹನಿಹನಿಯಾಗಿಯೇ ಬೀಳಬೇಕು. ಈರುಳ್ಳಿ ಹುರಿಯಲು ಆರು ಹನಿ. ಕೈತಪ್ಪಿ ಏಳನೆಯದು ಬಿದ್ದರೆ ಮಾರನೆಯ ದಿನ ಐದೇ. ಬೇಳೆಯನ್ನು ಬೆಳಿಗ್ಗೆಯೇ ನೆನೆಹಾಕಿ ಕೆಲಸಕ್ಕೆ ಹೋಗುತ್ತಿದ್ದಳು, ಸಂಜೆ ಬೇಗ ಬೆಂದು ಗ್ಯಾಸ್ ಉಳಿಯಲಿ ಎಂದು. ತರಕಾರಿಗೆ ಹೋಗುವುದು ಅಂಗಡಿಯವರು ಟಾರ್ಪಾಲು ಎಳೆಯುವ ಹೊತ್ತಿಗೆ. ಎಲೆಕೋಸಿನ ಮೇಲಿನ ಒರಟು ಎಲೆಗಳನ್ನು ಕಿತ್ತು ಪಕ್ಕಕ್ಕೆ ಎಸೆದಿರುತ್ತಾರಲ್ಲ, ಅವನ್ನು "ನಮ್ಮನೇಲಿ ಮೊಲ ಇದೆ, ಕೊಡಕ್ಕಾ" ಎಂದು ಬಿಟ್ಟಿಯಾಗಿ ಕೇಳಿ ತರುತ್ತಿದ್ದಳು. ಮನೆಯಲ್ಲಿ ಮೊಲ ಇರಲಿಲ್ಲ. ಗಂಡ, ಅತ್ತೆ, ಹನ್ನೊಂದು ವರ್ಷದ ಮಗಳು ಇದ್ದರು.

ಅವಳು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಸುವವಳು. ಗಂಡ ಗೋದಾಮೊಂದರ ಕಾವಲುಗಾರ. ಅವನ ಸಂಬಳ ಬಾಡಿಗೆಗೂ ಅತ್ತೆಯ ಔಷಧಿಗೂ ಸರಿಹೋಗುತ್ತಿತ್ತು. ಹೊಟ್ಟೆಯ ಪಾಡೆಲ್ಲ ಅವಳ ಸಂಬಳದ ಮೇಲೆ. ಆ ಸಂಬಳ ಮೂರು ವರ್ಷದಿಂದ ನಿಂತಲ್ಲೇ ನಿಂತಿತ್ತು. ಅಕ್ಕಿಯ ಬೆಲೆ ಮಾತ್ರ ನಿಂತಿರಲಿಲ್ಲ.

ಬೆಡ್‌ಶೀಟ್ ಮಡಿಸುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಆ ತುದಿಗೆ ಒಬ್ಬಳು, ಈ ತುದಿಗೆ ಒಬ್ಬಳು ನಿಲ್ಲಬೇಕು. ಜಗ್ಗಿ, ಕೊಡವಿ, ಎದುರುಬದುರು ನಡೆದು ಬಂದು ಅಂಚಿಗೆ ಅಂಚು ಕೂಡಿಸಬೇಕು. ಅವಳ ಜೋಡಿ ಎಂದರೆ ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹೆಂಗಸು. ಆ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಕಳೆದವಳು. ದಿನಕ್ಕೆ ಆರುನೂರು ಸಲ ಮುಖಾಮುಖಿಯಾಗುವ ಇಬ್ಬರ ನಡುವೆ ಗುಟ್ಟು ನಿಲ್ಲುವುದಿಲ್ಲ ಎನ್ನುತ್ತಾರೆ. ಸುಳ್ಳು. ಹಸಿವಿನ ಗುಟ್ಟು ಚೆನ್ನಾಗಿಯೇ ನಿಲ್ಲುತ್ತದೆ.

ಮಡಿಸುವಾಗ ಅಲ್ಲಿನ ನಲವತ್ತು ಹೆಂಗಸರು ಆಡುವ ಒಂದು ಆಟವಿತ್ತು. ಯಾರು ಎಷ್ಟು ಕಡಿಮೆಯಲ್ಲಿ ಅಡುಗೆ ಮಾಡಿದರು ಎಂದು ಜಂಬ ಕೊಚ್ಚಿಕೊಳ್ಳುವ ಆಟ.

"ನಿನ್ನೆ ಎರಡೇ ಮೊಟ್ಟೇಲಿ ಐದು ಜನಕ್ಕೆ ಊಟ ಹಾಕ್ದೆ ಕಣ್ರೇ."

"ಎರಡು ಯಾಕೆ ಬೇಕಿತ್ತು? ಒಂದು ಮೊಟ್ಟೆ, ಮೂರು ಆಲೂಗಡ್ಡೆ ಸಾಕಪ್ಪ ನಂಗೆ."

"ಅದೇ ಒಂದು ಮೊಟ್ಟೇನ ಈ ಜಿಪುಣಿ ಕೈಗೆ ಕೊಟ್ಟು ನೋಡು. ಕೋಳಿ ಮಾಡಿ ಬೀದಿಗೆಲ್ಲಾ ಬಡಿಸ್ತಾಳೆ!"

ಜಿಪುಣಿ ಎಂದರೆ ಅವಳೇ. ಬೇರೆ ಕಡೆ ಅದು ಬೈಗುಳ, ಅಲ್ಲಿ ಬಿರುದು. ಬೇರೆ ಯಾವ ಬಿರುದೂ ಅವಳ ಪಾಲಿಗೆ ಬಂದಿರಲಿಲ್ಲವಾದ್ದರಿಂದ ಅವಳಿಗೂ ಅದು ಹಿತವಾಗಿತ್ತು.

ಹೀಗಿರುವಾಗ ದೊಡ್ಡಮ್ಮ ಮುಂದೆ ನಿಂತು ಸಂಬಳ ಹೆಚ್ಚಿಸಬೇಕೆಂದು ಒಂದು ಅರ್ಜಿ ಬರೆಸಿದಳು. ನಲವತ್ತು ಜನವೂ ಸಹಿ ಹಾಕಿದರು, ಜಿಪುಣಿಯೂ ಹಾಕಿದಳು. ಅರ್ಜಿಯ ಒಂದು ಪ್ರತಿ ಮ್ಯಾನೇಜರಿಗೆ, ಒಂದು ಪ್ರತಿ ಕಾರ್ಮಿಕ ಅಧಿಕಾರಿಗೆ ಹೋಯಿತು. ಹದಿನೈದು ದಿನಕ್ಕೆ ಉತ್ತರ ಬಂತು. ಸಂಬಳ ಕೇಳಿದವರಿಗೆ ಬುದ್ಧಿಮಾತು ಬಂತು: "ಮನೆಖರ್ಚು ಉಳಿಸುವ ತರಬೇತಿ. ಎಲ್ಲರೂ ಕಡ್ಡಾಯವಾಗಿ ಹಾಜರಿರಬೇಕು."

ತರಬೇತಿಗೆ ಒಬ್ಬ ಮೇಡಂ ಬಂದರು. ನಗುಮುಖದವರು, ಕೆಟ್ಟವರೇನಲ್ಲ. ಗೋಡೆಯ ಮೇಲೆ ಹಣ್ಣು ತರಕಾರಿಗಳ ಬಣ್ಣಬಣ್ಣದ ಚಿತ್ರ ತೋರಿಸಿದರು.

"ಹೊಟ್ಟೆ ಹಸಿದಾಗ ಅಂಗಡಿಗೆ ಹೋಗಬೇಡಿ. ಬೇಡದ್ದೆಲ್ಲಾ ಕೊಂಡುಬಿಡ್ತೀರಿ."

"ಹಾಗಾದ್ರೆ ನಾವು ಈ ಜನ್ಮದಲ್ಲಿ ಅಂಗಡಿಗೆ ಹೋಗೋ ಹಾಗಿಲ್ಲ ಬಿಡಿ ಮೇಡಂ" ಎಂದಳು ದೊಡ್ಡಮ್ಮ. ನಲವತ್ತು ಜನ ಗೊಳ್ಳೆಂದರು.

ಮೇಡಮ್ಮೂ ನಕ್ಕರು. "ಹನಿ ಹನಿ ಕೂಡಿದ್ರೆ ಹಳ್ಳ ಅಲ್ವಾ?"

"ಹಳ್ಳ ಯಾರ ಮನೆ ಕಡೆ ಹರಿಯುತ್ತೆ ಅನ್ನೋದು ಪ್ರಶ್ನೆ" ಎಂದಳು ದೊಡ್ಡಮ್ಮ.

ಕೊನೆಯಲ್ಲಿ ಒಂದು ಸ್ಪರ್ಧೆ. ಪ್ರತಿಯೊಬ್ಬಳೂ ತನ್ನ ಮನೆಯ ಒಂದು ತಿಂಗಳ ದಿನಸಿ, ತರಕಾರಿ, ಗ್ಯಾಸು, ಸೋಪಿನ ಪಟ್ಟಿ ಬರೆಯಬೇಕು. ಎಲ್ಲರಿಗಿಂತ ಕಡಿಮೆಯಲ್ಲಿ ಸಂಸಾರ ತೂಗಿಸುವವಳಿಗೆ ಹೊಸ ಕುಕ್ಕರ್ ಬಹುಮಾನ. ಮೇಜಿನ ಮೇಲೆ ಕುಕ್ಕರ್ ಫಳಫಳ ಹೊಳೆಯುತ್ತಿತ್ತು.

ಎಡವಟ್ಟಾದದ್ದು ಇಲ್ಲೇ. ಜಿಪುಣಿ ಬರೆಯಲು ಕೂತಾಗ ಇದ್ದದ್ದನ್ನು ಇದ್ದಂತೆ ಬರೆಯಬೇಕೆಂದೇ ಇದ್ದಳು. ಆದರೆ ಅಕ್ಕಪಕ್ಕದವರು ಅವಳ ಕಾಗದದ ಮೇಲೆ ಕಣ್ಣಿಟ್ಟಿದ್ದರು. "ಏನೇ, ಬಿರುದು ಉಳಿಸ್ಕೋತೀಯೋ ಇಲ್ವೋ?" ಎಂದು ಕಿಚಾಯಿಸಿದರು. ರಾತ್ರಿಯ ಅಡುಗೆಗೆ ಒಂದು ಲೋಟ ಅಕ್ಕಿ, ಎರಡು ಹಿಡಿ ಬೇಳೆ ಎಂದು ಬರೆದಳು. ಅದು ನಿಜವೇ. ಊಟ ಮಾಡುವವರು ಎಷ್ಟು ಎಂಬ ಜಾಗದಲ್ಲಿ ನಾಲ್ಕು ಎಂದು ಬರೆದಳು. ಅದು ಸುಳ್ಳು. ಎರಡು ವರ್ಷದಿಂದ ಅವಳು ರಾತ್ರಿ ಊಟ ಮಾಡಿರಲಿಲ್ಲ. ಮನೆಯವರಿಗೆ "ಲಾಂಡ್ರೀಲೇ ತಿಂದು ಬಂದೆ" ಎನ್ನುತ್ತಿದ್ದಳು. ಹೊಟ್ಟೆ ಹಸಿದಿದ್ದನ್ನು ನಾಲ್ಕು ಜನರ ಮುಂದೆ ಬರೆದು ತೋರಿಸಲು ಯಾವ ಹೆಣ್ಣಿಗೆ ಮನಸ್ಸು ಬರುತ್ತದೆ?

ಕುಕ್ಕರ್ ಅವಳಿಗೇ ಬಂತು. ಚಪ್ಪಾಳೆ ಬಿತ್ತು. ಮ್ಯಾನೇಜರ್ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಪಟ್ಟಿಯನ್ನು ಜೋಪಾನವಾಗಿ ಮಡಿಸಿ ಮ್ಯಾನೇಜರ್ ಜೇಬಿಗಿಟ್ಟುಕೊಂಡರು.

ಮುಂದಿನ ವಾರ ಅರ್ಜಿಯ ವಿಚಾರಣೆಗೆಂದು ದೊಡ್ಡಮ್ಮ ಮತ್ತು ಇನ್ನಿಬ್ಬರು ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋದರು. ತಿರುಗಿ ಬಂದಾಗ ದೊಡ್ಡಮ್ಮನ ಮುಖ ಗಂಟಿಕ್ಕಿತ್ತು. ಜಿಪುಣಿ ಎಂದಿನಂತೆ ಬೆಡ್‌ಶೀಟಿನ ಒಂದು ತುದಿ ಹಿಡಿದು ಇನ್ನೊಂದನ್ನು ಅವಳತ್ತ ಚಾಚಿದಳು. ದೊಡ್ಡಮ್ಮ ಹಿಡಿಯಲಿಲ್ಲ.

"ಯಾಕ್ ದೊಡ್ಡಮ್ಮ?"

"ನಿನ್ನ ಪಟ್ಟೀನ ಅಷ್ಟಗಲ ದೊಡ್ಡದು ಮಾಡ್ಸಿ ಅಧಿಕಾರಿ ಮುಂದೆ ಹಿಡಿದ್ರು ಕಣೇ. 'ನೋಡಿ ಸಾರ್, ನಮ್ಮ ಕೆಲಸದವಳೇ ಕೈಯಾರೆ ಬರೆದಿದ್ದಾಳೆ. ನಾಲ್ಕು ಜನ ಇಷ್ಟರಲ್ಲಿ ಸುಖವಾಗಿದ್ದಾರೆ. ಉಳಿದೋರಿಗೆ ಸಾಲದು ಅಂದ್ರೆ ಅದು ಸಂಬಳದ ತಪ್ಪಲ್ಲ, ದುಂದುಗಾರಿಕೆ' ಅಂದ್ರು. ನಾವು ಏನಂತ ಅನ್ನೋದು? ಬರೆದೋಳು ನಮ್ಮೋಳೇ."

ಜಿಪುಣಿಯ ಕೈಯಲ್ಲಿದ್ದ ಬಟ್ಟೆ ನೆಲಕ್ಕೆ ಬಿತ್ತು.

"ಶುಕ್ರವಾರ ಅಧಿಕಾರಿ ಇಲ್ಲಿಗೇ ಬಂದು ತೀರ್ಮಾನ ಹೇಳ್ತಾರಂತೆ. ಏನು ಹೇಳ್ತಾರೆ ಅಂತ ಕೇಳೋದೇ ಬೇಡ" ಎಂದು ದೊಡ್ಡಮ್ಮ ತಿರುಗಿದಳು. "ಆ ಕುಕ್ಕರಲ್ಲಿ ಬೇಯ್ತಾ ಇರೋದು ನಿನ್ನ ಬೇಳೆ ಅಲ್ಲ. ನಮ್ಮ ನಲವತ್ತು ಜನದ ಸಂಬಳ."

ಅಂದು ಅವಳು ಒಬ್ಬಳೇ ಬೆಡ್‌ಶೀಟ್ ಮಡಿಸಲು ನೋಡಿದಳು. ಒಂದು ತುದಿಯನ್ನು ಗದ್ದದಡಿ ಸಿಕ್ಕಿಸಿಕೊಂಡಳು, ಮೇಜಿನ ಕಾಲಿಗೆ ಕಟ್ಟಿದಳು. ಬಟ್ಟೆ ಸೊಟ್ಟಸೊಟ್ಟಾಯಿತು. ಸೂಪರ್‌ವೈಸರ್ ಎರಡು ಸಲ ಬೈದು ಹೋದ. ಮೂವತ್ತೊಂಬತ್ತು ಜನರಲ್ಲಿ ಒಬ್ಬಳೂ ಈಚೆ ನೋಡಲಿಲ್ಲ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. ಎಲ್ಲರ ಕಾಲ ಮೇಲೂ ಹಾಕಿದ್ದಳು.

ಸಂಜೆ ಮೂವರಿಗೆ ಬಡಿಸಿ ಗೋಡೆಗೊರಗಿ ಕೂತಳು. ಅತ್ತೆ ಅನ್ನ ಕಲೆಸುತ್ತಾ, "ಏನಾಯ್ತು?" ಎಂದು ಕೇಳಿದ್ದೇ ತಡ, ಎಲ್ಲವನ್ನೂ ಹೇಳಿಬಿಟ್ಟಳು, ಪಟ್ಟಿಯ ಸುಳ್ಳೊಂದನ್ನು ಬಿಟ್ಟು.

"ಹಾಗಾದ್ರೆ ಪಟ್ಟಿ ತಪ್ಪು ಅಂತ ಹೇಳು" ಎಂದರು ಅತ್ತೆ.

"ತಪ್ಪೆಲ್ಲಿದೆ ಅತ್ತೆ? ಒಂದು ಲೋಟ ಅಕ್ಕಿ, ಎರಡು ಹಿಡಿ ಬೇಳೆ. ನೀವೇ ನೋಡ್ತಿದೀರಲ್ಲ."

"ನಂಗೆ ಕಣ್ಣು ಮಂಜಾಗಿದೆ ಕಣಮ್ಮ, ಕಿವಿ ಸರಿಯಾಗಿದೆ. ದಿನಾ ನಿನ್ನ ಹೊಟ್ಟೆ ಗುರುಗುಟ್ಟೋದು ನಂಗೆ ಕೇಳ್ಸುತ್ತೆ. ಎರಡು ವರ್ಷದಿಂದ ಕೇಳ್ಸ್ತಾ ಇದೆ. ನಾನೂ ಸುಮ್ನೆ ಉಣ್ತಾ ಬಂದೆ. ಪಾಪಿ ಮುದುಕಿ."

ಗಂಡನ ಕೈ ಬಾಯಿಗೆ ಹೋಗುವುದು ನಿಂತಿತು. ಮಗಳು ತಾಯಿಯನ್ನೇ ನೋಡಿದಳು.

"ಅಮ್ಮಾ, ನೀನು ಅಲ್ಲಿ ತಿಂದು ಬರಲ್ವಾ?"

"ಇಲ್ಲ" ಎಂದು ಕೊನೆಗೂ ಹೇಳಿದಳು. ಹೇಳಿದ ಮೇಲೆ ಜೋರಾಗಿ ಅತ್ತಳು. ಗಂಡ ತನ್ನ ತಟ್ಟೆಯನ್ನು ಅವಳ ಮುಂದಕ್ಕೆ ತಳ್ಳಿದ. ಅತ್ತೆ ಮಾತ್ರ ಬಿಡಲಿಲ್ಲ.

"ಹಸಿದಿದ್ದು ನಿನಗೆ ಅವಮಾನ ಅಲ್ಲಮ್ಮ. ದುಡಿಸ್ಕೊಂಡು ಹಸಿಯೋಕೆ ಬಿಟ್ಟೋರಿಗೆ ಅವಮಾನ. ಹೋಗಿ ಅವರ ಮುಂದೇನೇ ಹೇಳು."

ಶುಕ್ರವಾರ ತರಬೇತಿ ನಡೆದ ಕೋಣೆಯಲ್ಲೇ ಎಲ್ಲರೂ ಸೇರಿದರು. ಮೇಜಿನ ಹಿಂದೆ ಅಧಿಕಾರಿ, ಲಾಂಡ್ರಿಯ ಯಜಮಾನರು, ತರಬೇತಿ ಮೇಡಂ, ಮ್ಯಾನೇಜರ್. ಗೋಡೆಗೆ ಜಿಪುಣಿಯ ಪಟ್ಟಿ ಅಂಟಿಸಿತ್ತು. ಮ್ಯಾನೇಜರ್ ನಗುತ್ತಾ, "ಬಾಮ್ಮಾ, ಮುಂದೆ ಬಾ. ನೀನೇ ನಿನ್ನ ಬಾಯಿಂದ ಸಾಹೇಬ್ರಿಗೆ ಹೇಳು" ಎಂದರು.

ಅವಳು ಬಂದಳು. ಕೈಯಲ್ಲಿ ಎರಡು ಪಾತ್ರೆ, ಕಂಕುಳಲ್ಲಿ ನಾಲ್ಕು ತಟ್ಟೆ.

"ಇದೇನಿದು?"

"ಪಟ್ಟಿ, ಸಾರ್. ಬೇಯಿಸ್ಕೊಂಡು ಬಂದಿದೀನಿ. ಒಂದು ರಾತ್ರಿ ಊಟ. ಒಂದು ಲೋಟ ಅಕ್ಕಿ, ಎರಡು ಹಿಡಿ ಬೇಳೆ, ಆರು ಹನಿ ಎಣ್ಣೆ. ನೀವೂ ನಾಲ್ಕು ಜನ ಇದೀರಲ್ಲ."

ಮ್ಯಾನೇಜರ್ ಎದ್ದು, "ನಾಟಕ ಬೇಡ, ತಗೊಂಡ್ಹೋಗು" ಎಂದರು. ಅಧಿಕಾರಿ ಕೈಯೆತ್ತಿ ತಡೆದರು.

ಅವಳು ನಾಲ್ಕು ತಟ್ಟೆ ಇಟ್ಟಳು. ಅಧಿಕಾರಿಯ ತಟ್ಟೆಗೆ ಬಡಿಸುತ್ತಾ, "ಇದು ಗಂಡಂದು. ರಾತ್ರಿಯೆಲ್ಲಾ ನಿಂತು ಕಾಯ್ಬೇಕು" ಎಂದಳು. ಯಜಮಾನರದ್ದಕ್ಕೆ, "ಇದು ಮಗಳದು, ಬೆಳೆಯೋ ಮಗು." ಮೇಡಂ ತಟ್ಟೆಗೆ, "ಇದು ಅತ್ತೇದು." ಆ ಮೂರು ತಟ್ಟೆಗೂ ಒಂದೊಂದು ಸೌಟು ಅನ್ನ, ಅದರ ಮೇಲೆ ತಿಳಿ ಬೇಳೆ. ಆಮೇಲೆ ಅನ್ನದ ಪಾತ್ರೆಯನ್ನು ಮ್ಯಾನೇಜರರ ತಟ್ಟೆಯ ಮೇಲೆ ಬೋರಲು ಹಾಕಿ, ತಳವನ್ನು ಸೌಟಿನಿಂದ ಗರಗರ ಕೆರೆದಳು. ಒಂದಗಳೂ ಬೀಳಲಿಲ್ಲ.

"ಇದು?" ಎಂದು ಕೇಳಿದರು ಅಧಿಕಾರಿ.

"ಅದು ನಂದು, ಸಾರ್."

ಅವಳು ಸೌಟನ್ನು ಮೇಜಿನ ಮೇಲಿಟ್ಟು ಗೋಡೆಯ ಪಟ್ಟಿಯತ್ತ ಕೈ ತೋರಿಸಿದಳು.

"ಪಟ್ಟೀಲಿ ಊಟ ಮಾಡೋರು ನಾಲ್ಕು ಅಂತ ಸುಳ್ಳು ಬರೆದೆ. ಮೂರು ಅಂತ ಬರೆಯೋಕೆ ನಾಚಿಕೆ ಆಯ್ತು. ಈಗ ಆಗ್ತಿಲ್ಲ. ಎಲ್ಲರಿಗಿಂತ ಕಡಿಮೇಲಿ ಮನೆ ನಡೆಸೋಳು ಅಂತ ನಂಗೆ ಬಹುಮಾನ ಕೊಟ್ರಿ. ನಾನು ಉಳಿಸಿದ್ದು ನನ್ನ ಊಟಾನ. ಅದನ್ನೇ ತೋರ್ಸಿ ಇವರ ಸಂಬಳ ನಿಲ್ಲಿಸ್ತೀರಾ?"

ಹಿಂದಿನಿಂದ ದೊಡ್ಡಮ್ಮ ಎದ್ದು ಬಂದು ಅವಳ ಪಕ್ಕದಲ್ಲಿ ನಿಂತಳು. "ನಂದೂ ಹಾಗೇ ಸಾರ್. ನಾನು ಬೆಳಿಗ್ಗೆದು ಬಿಡ್ತೀನಿ." ಎರಡೇ ಮೊಟ್ಟೆಯಲ್ಲಿ ಐದು ಜನಕ್ಕೆ ಬಡಿಸಿದವಳು ಎದ್ದಳು. "ಆ ಐದು ಜನದಲ್ಲಿ ನಾನಿಲ್ಲ." ಒಂದು ಮೊಟ್ಟೆ, ಮೂರು ಆಲೂಗಡ್ಡೆಯವಳೂ ಎದ್ದಳು. "ನಾನೂ ಇಲ್ಲ." ಆಮೇಲೆ ಯಾರು ಯಾರು ಎದ್ದರೆಂದು ಹೇಳುವುದು ಕಷ್ಟ. ಇಷ್ಟು ವರ್ಷ ಒಬ್ಬರಿಗೊಬ್ಬರು ಜಂಬ ಕೊಚ್ಚಿಕೊಂಡವರು ಈಗ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಜ ಹೇಳುತ್ತಿದ್ದರು. ಕೆಲವರು ಅಳುತ್ತಿದ್ದರು. ಬಹಳ ಜನ ಸಿಟ್ಟಿನಿಂದ ಕೂಗುತ್ತಿದ್ದರು.

ಯಜಮಾನರು ಗಡಿಯಾರ ನೋಡಿದರು. ಮ್ಯಾನೇಜರ್ ಕಾಗದಗಳನ್ನು ಜೋಡಿಸಿಕೊಳ್ಳುತ್ತಾ, "ಒಂದು ಗಂಟೆ ಆಯ್ತು ಸಾರ್. ಹೋಟೆಲ್‌ನಲ್ಲಿ ಊಟಕ್ಕೆ ಹೇಳಿದೀನಿ. ಉಳಿದಿದ್ದು ಆಮೇಲೆ ನೋಡೋಣ" ಎಂದು ಅಧಿಕಾರಿಯ ಕಿವಿಯಲ್ಲಿ ಉಸುರಿದರು. ಅಧಿಕಾರಿ ಹೌದೋ ಅಲ್ಲವೋ ಎಂಬಂತೆ ಕುರ್ಚಿಯಿಂದ ಅರ್ಧ ಎದ್ದರು.

ಜಿಪುಣಿ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಪಕ್ಕದಲ್ಲಿ ದೊಡ್ಡಮ್ಮ ಕೂತಳು. ಅವರ ಹಿಂದೆಯೇ ಉಳಿದವರೆಲ್ಲ ಬಂದು ಬಾಗಿಲಿಗೆ ಅಡ್ಡವಾಗಿ ಒತ್ತೊತ್ತಾಗಿ ಕೂತರು.

"ಊಟ ಬಡಿಸಿದೀನಲ್ಲ ಸಾರ್" ಎಂದಳು ಅವಳು. "ಕೂತ್ಕೊಳ್ಳಿ. ಇವತ್ತು ನೀವು ಉಣ್ಣಿ, ನಾವು ನೋಡ್ತೀವಿ."