ಗಂಗರತ್ನಮ್ಮನ ಸೀರೆಯ ಕಾರ್ಡುಗಳು

ನಾದಿನಿ ಚಂದ್ರಲೇಖಾಳ ಹುಟ್ಟುಹಬ್ಬಕ್ಕೆ ಕೊಡಲು ಬೇರೇನೂ ತೋಚದೆ ಒಂದು ಬಟ್ಟೆಯ ಕಾರ್ಡು ಹೊಲಿದೆ. ಬೊಂತೆ, ಅಂದರೆ ಕೌದಿ, ಹೊಲಿಯುವ ಹಾಗೆಯೇ, ಹಳೆಯ ಸೀರೆಯ ಚೂರುಗಳನ್ನು ಒಂದರ ಮೇಲೊಂದಿಟ್ಟು, ಸಾಲು ಸಾಲಾಗಿ ದಾರ ಓಡಿಸಿ, ಪುಸ್ತಕದಂತೆ ಮಡಚಿ, ಒಳಗೆ ಅವಳ ಹೆಸರನ್ನೂ 'ನೂರು ವರ್ಷ ಬಾಳು' ಎಂದೂ ಬಣ್ಣದ ದಾರದಲ್ಲಿ ಬರೆದೆ. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ನೆಂಟರಿಗೆಲ್ಲ ಕಾರ್ಡು ಬೇಕಾಯಿತು. ನಮ್ಮದು ಗಡಿಯೂರು, ತಮಿಳು ಶಾಲೆಗೆ ಹೋಗುವ ಮಕ್ಕಳಿಗೆ ತಮಿಳಿನಲ್ಲಿ ಬೇರೆ. ಹಗಲೆಲ್ಲ ಗುಲಾಬಿ ಶೆಡ್ಡಿನಲ್ಲಿ ನಿಂತು ಹೂವಿನ ಕಟ್ಟು ಕಟ್ಟಿ ಬಂದವಳು ಸಂಜೆ ಸೂಜಿ ಹಿಡಿಯಬೇಕು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನಗೆ ಕೆಸರು ಮಾತ್ರ ಬಂತು.

ಬಟ್ಟೆ ಮುಗಿದಾಗ ಅತ್ತೆ ಗೋವಿಂದಮ್ಮ ಟ್ರಂಕಿಗೆ ಕೈ ಹಾಕಿ, ಸವೆದು ಮೆತ್ತಗಾದ ಒಂದು ಸೀರೆ ತೆಗೆದುಕೊಟ್ಟರು. ಅವರಿಗೆ ಕಣ್ಣು ಮಂಜು. "ನನ್ನ ಹಳೇ ಸೀರೆ ಕಣಮ್ಮಿ, ಕತ್ತರಿಸ್ಕೊ" ಎಂದರು. ನಾನು ಕತ್ತರಿಸಿದೆ.

ಎರಡು ಸಲ ಬಸಿರು ನಿಲ್ಲದ ಚಂದ್ರಲೇಖಾ ಈ ಸಲ ತುಂಬಿದ ಹೊಟ್ಟೆ ಹೊತ್ತು ಬಾಣಂತನಕ್ಕೆ ತವರೂರು ಉದ್ದನಪಲ್ಲಿಗೆ ಬಂದಳು. ನಮ್ಮಲ್ಲಿ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ತುಂಬು ಬಾಳು ಬಾಳಿದವರು ಉಟ್ಟ ಸೀರೆಯಲ್ಲೇ ಸುತ್ತಬೇಕು, ಅದರ ಬೊಂತೆಯ ಮೇಲೆಯೇ ಮಲಗಿಸಬೇಕು. ಅದಕ್ಕೆಂದೇ ಅತ್ತೆ ತಮ್ಮ ತಾಯಿ ಗಂಗರತ್ನಮ್ಮನ ಸೀರೆಯನ್ನು ವರ್ಷಗಳಿಂದ ಎತ್ತಿಟ್ಟಿದ್ದರು. ಟ್ರಂಕಿನಲ್ಲಿ ಹುಡುಕಿದರೆ ಸಿಕ್ಕಿದ್ದು ಅತ್ತೆಯದೇ ಹಳೆಯ ಸೀರೆ.

"ಅಯ್ಯೋ, ಅವ್ವನ ಸೀರೆ ನಾನೇ ಕೊಟ್ಬುಟ್ನಲ್ಲೇ! ಈ ಕೂಸೂ ನಿಲ್ದೆ ಹೋದ್ರೆ?" ಎಂದು ಅತ್ತೆ ಕುಸಿದು ಕೂತರು. ಅನ್ನ ಮುಟ್ಟಲಿಲ್ಲ. ನನಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು.

ಭಾನುವಾರ ಒಂದು ಬಿಡುವು. ಆ ಸೀರೆಯ ಕಾರ್ಡುಗಳನ್ನು ವಾಪಸ್ ತರಲು ಅದನ್ನೂ ಬಸ್ಸಿಗೆ ಸುರಿದೆ. ತಳಿ ಊರಿನ ಚಿಕ್ಕತ್ತೆ ಪಾರ್ವತಮ್ಮ ನನ್ನ ಕಾರ್ಡು ಹಿಡಿದು ಒಲೆಯಿಂದ ಸಾರಿನ ಪಾತ್ರೆ ಇಳಿಸುತ್ತಿದ್ದರು. ಕೃಷ್ಣಗಿರಿಯಲ್ಲಿ ಅವರ ಮಗ ಚಲಪತಿ ತನ್ನದರಿಂದ ಬೈಕು ಒರೆಸುತ್ತಿದ್ದ. ಮಗಳು ಶ್ಯಾಮಲಾ ಒಬ್ಬಳೇ ಗೋಡೆಗೆ ತೂಗುಹಾಕಿದ್ದಳು, ಅವಳೇ ಕೊಡಲೊಲ್ಲಳು. "ಕೊಟ್ಟಿದ್ನ ಯಾರಾರ ವಾಪಸ್ ಕೇಳ್ತಾರೇನಕ್ಕ?" ಎಂದಳು. ಕೂಸಿಗೆ ಎಂದ ಮೇಲೆ ತಾನೇ ಇಳಿಸಿಕೊಟ್ಟಳು.

ಎಲ್ಲವನ್ನೂ ಒಗೆದು, ಮಡಿಕೆ ಬಿಡಿಸಿ, ಅಂಚಿಗೆ ಅಂಚು ಸೇರಿಸಿ ಬೊಂತೆ ಮಾಡಿದೆ. ಮಸಿ ಹಿಡಿದದ್ದು, ಗ್ರೀಸಿನ ಕಲೆಯದ್ದು, ಎಲ್ಲವೂ ಸೇರಿದವು. ಆದರೂ ಒಂದು ಮೂಲೆಗೆ ಬಟ್ಟೆ ಸಾಲಲಿಲ್ಲ.

ಅತ್ತೆ ಪಡಸಾಲೆಯಲ್ಲಿ ಕೂತು ಒಂದೊಂದೇ ಹೆಸರನ್ನು ಬೆರಳಿನಿಂದ ತಡವುತ್ತ ಬಂದರು. "ಇದ್ಯಾರ್ದು?" ಎಂದು ಕೇಳುವುದು, ನಾನು ಹೇಳುವುದು. ಖಾಲಿ ಮೂಲೆಗೆ ಬಂದು ಕೈ ನಿಂತಿತು.

"ನಿಂದೆಲ್ಲಮ್ಮಿ?"

"ನಂಗ್ಯಾರು ಹೊಲ್ದವ್ರೆ ಅತ್ತೆ?" ನಗುತ್ತಲೇ ಹೇಳಿದೆ. ದನಿ ಮಾತ್ರ ನಗಲಿಲ್ಲ.

ಅತ್ತೆ ಉಟ್ಟಿದ್ದ ಸೀರೆಯ ಸೆರಗನ್ನು ಹಲ್ಲಿಗೆ ಕೊಟ್ಟು ಪರ್ ಎಂದು ಹರಿದರು.

"ತಗೊ, ಇದು ನಿಂದು. ಯಾವತ್ತು ಹುಟ್ಟಿದ್ದೀಯೋ ನಾನು ಕೇಳ್ಲೇ ಇಲ್ಲ. ನೂರು ವರ್ಷ ಬಾಳು ತಾಯಿ."

ಊರಿಗೆಲ್ಲ ಹೊಲಿದುಕೊಟ್ಟ ಮಾತು. ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು. ಆ ತುಂಡನ್ನು ಮೂಲೆಗಿಟ್ಟು ದಾರ ಪೋಣಿಸಲು ಹೋದೆ. ಕಣ್ಣು ತುಂಬಿ ಸೂಜಿಯ ಕಣ್ಣೇ ಕಾಣಲಿಲ್ಲ. ಅತ್ತೆಯ ಕೈಗೆ ಕೊಟ್ಟೆ, ಅವರಿಗೂ ಕಾಣಲಿಲ್ಲ. ಒಳಗೆ ಮಲಗಿದ್ದ ಚಂದ್ರಲೇಖಾ ಎದ್ದು ಬಂದು ದಾರ ಪೋಣಿಸಿಕೊಡಲಿ ಎಂದು ಇಬ್ಬರೂ ಸೂಜಿ ಹಿಡಿದು ಕೂತೆವು.