ಸಾರಾಯಿ ಅಂಗಡಿ ಮುಂದೆ ಶೇಂಗಾ

ನಲ್ಲೂರಿನ ನಮ್ಮ ಮಹಿಳಾ ಮಂಡಳಿಗೆ ಅಧ್ಯಕ್ಷೆ ನಿರ್ಮಲಮ್ಮ, ನನ್ನ ವಾರಗಿತ್ತಿ. ಹೊಗಳಿಕೆ ಅಂದರೆ ಅಕ್ಕನಿಗೆ ಹೋಳಿಗೆಯಷ್ಟೇ ಇಷ್ಟ. ನಾನು ಶಾಂತಾದೇವಿ, ಕಾರ್ಯದರ್ಶಿ. ಅಂದರೆ ಆಕೆ ಬೈದಾಗ ಬೈಸಿಕೊಳ್ಳುವವಳು.

ಎಂಬತ್ತಮೂರರ ಅಡಿಕೆ ಸುಗ್ಗಿಯಲ್ಲಿ ನಮ್ಮೂರಿನ ಮೀಸೆ ಮೂಡದ ಹುಡುಗರೂ ಕೂಲಿ ಕೈಗೆ ಬಂದೊಡನೆ ಸಾರಾಯಿ ಅಂಗಡಿಗೆ ಹೋಗಲು ಶುರು ಮಾಡಿದ್ದರು. ಅಕ್ಕ ಭಾಷಣ ಮಾಡಲಿಲ್ಲ. ಅಡಿಕೆ ಚೀಲಗಳನ್ನೂ ಸುಲಿಯುವ ಕತ್ತಿಗಳನ್ನೂ ಹೊರಿಸಿಕೊಂಡು ಹೋಗಿ, ಹೆಂಗಸರನ್ನೆಲ್ಲ ಆ ಅಂಗಡಿಯ ಬಾಗಿಲೆದುರೇ ಕೂರಿಸಿದಳು. ಒಳಗೆ ಹೋಗಬೇಕಾದರೆ ಅವ್ವ, ದೊಡ್ಡವ್ವ, ಸೋದರತ್ತೆ ಎಲ್ಲರನ್ನೂ ದಾಟಬೇಕು. ಯಾವ ಹುಡುಗನಿಗೆ ಅಷ್ಟು ಧೈರ್ಯ? ಸುಗ್ಗಿ ಮುಗಿಯುವ ಹೊತ್ತಿಗೆ ಅಂಗಡಿಯವನು ಬೇರೆ ಊರು ನೋಡಿಕೊಂಡ.

ಈ ಸುದ್ದಿ ಚನ್ನಗಿರಿ ದಾಟಿ ದಾವಣಗೆರೆಯ ಒಂದು ಸೇವಾ ಸಂಸ್ಥೆಯನ್ನು ಮುಟ್ಟಿತು. ಅವರು ಅನುದಾನ ಕೊಟ್ಟರು, ಆದರೆ ಒಂದು ಷರತ್ತು: ಗೆದ್ದ ಮಂಡಳಿ ಇನ್ನೊಂದು ಊರಿನ ಮಂಡಳಿಯನ್ನು ಕೈಹಿಡಿದು ನಡೆಸಬೇಕು. ನಮ್ಮ ಪಾಲಿಗೆ ಬಂದದ್ದು ಜಗಳೂರು ತಾಲೂಕಿನ ಸೊಕ್ಕೆ. ಅಲ್ಲಿ ಕೆಲಸ ಕೈಗೂಡಿದರೆ ಮುಂದಿನ ವರ್ಷ ಇನ್ನೆರಡು ಊರು ಎಂದರು. ಬಸ್ಸು ಜಗಳೂರು ಮುಟ್ಟುವ ಮುಂಚೆಯೇ ಅಕ್ಕ ಆ ಎರಡು ಊರುಗಳನ್ನು ಹೊನ್ನಾಳಿ, ನ್ಯಾಮತಿ ಕಡೆ ಹುಡುಕಿ ಇಟ್ಟಿದ್ದಳು.

ಸೊಕ್ಕೆಯ ಮಂಡಳಿ ಕಟ್ಟಿದವಳು ಹೊನ್ನೂರಮ್ಮ. ನಾವು ಇಳಿದುಕೊಂಡದ್ದೂ ಅವಳ ಮನೆಯಲ್ಲೇ. ಗಂಡ ತೀರಿಕೊಂಡಿದ್ದ, ಇದ್ದ ಒಬ್ಬ ಮಗ ಓಬಣ್ಣನಿಗೆ ಹದಿನೆಂಟು. ಹಿಂದಿನ ವರ್ಷದಿಂದ ಸಾರಾಯಿಯ ರುಚಿ ಹತ್ತಿತ್ತು. ಅದನ್ನು ಅವಳು ಮುಚ್ಚಿಡಲಿಲ್ಲ.

“ಊರುದ್ಧಾರ ಆಮ್ಯಾಲೆ ಮಾಡಾಣ್ರಿ ಅಕ್ಕಾರೇ. ಮೊದ್ಲು ನನ್ ಮಗ ನನಗೆ ಬೇಕು.”

ಆ ಮಾತಿಗೇ ನನಗೆ ಅವಳ ಮೇಲೆ ಪ್ರೀತಿ ಬಂತು.

“ಅದೇನು ಮಹಾ ಕೆಲ್ಸ?” ಅಂದಳು ಅಕ್ಕ. “ನಿಮ್ ಕೆಲ್ಸ ತಗಂಡು ಅಂಗಡಿ ಮುಂದೆ ಕೂತ್ಕಳ್ರಿ. ಮಿಕ್ಕಿದ್ದು ನಾಚಿಕೆ ನೋಡ್ಕಂತೈತೆ.”

“ಈಗ ನಮಗಿರೋ ಕೆಲ್ಸ ಅಂದ್ರೆ ಶೇಂಗಾ ಸುಲಿಯೋದು.”

“ಅಡಿಕೆ ಆದ್ರೇನು, ಶೇಂಗಾ ಆದ್ರೇನು? ಸುಲಿದ್ರಾತು.”

ಈ ಒಂದು ಮಾತನ್ನು ಅಕ್ಕ ಮರೆಯಲು ನಾನು ಇವತ್ತಿಗೂ ಬಿಟ್ಟಿಲ್ಲ.

ಆ ಸಂಜೆ ಸೊಕ್ಕೆಯ ಹೆಂಗಸರು ಮಾರುವುದಕ್ಕೆಂದು ಇಟ್ಟಿದ್ದ ಶೇಂಗಾ ಚೀಲಗಳನ್ನು ತಂದು ಅಂಗಡಿ ಮುಂದೆ ಸುರುವಿ ಕೂತರು. ಹುಡುಗರು ಬಂದರು. ಒಬ್ಬ ಬಗ್ಗಿ, “ಚಿಗವ್ವ, ಒಂದ್ ಹಿಡಿ,” ಅಂತ ಕಾಳು ಬಾಚಿಕೊಂಡು ಒಳಗೆ ಹೋದ. ಹಿಂದೆಯೇ ಇನ್ನೊಬ್ಬ. ಅಂಗಡಿಯವನು ಆ ಕಾಳನ್ನೇ ಹುರಿದು, ಉಪ್ಪು ಖಾರ ಹಾಕಿ ಕೊಡತೊಡಗಿದ. ಘಮ ಬೀದಿ ತುಂಬಿತು. ದಿನಾ ಒಂದು ಲೋಟಕ್ಕೆ ಏಳುತ್ತಿದ್ದವರು ಅವತ್ತು ಎರಡಕ್ಕೂ ಏಳಲಿಲ್ಲ. ಅಂಗಡಿಯವನಂತೂ ನಮಗೆ ಕೂರಲು ಚಾಪೆ ತಂದು ಹಾಸಿದ!

ನಾಚಿಕೆಯ ಲೆಕ್ಕವೂ ತಪ್ಪಿತ್ತು. ಗಂಡಂದಿರನ್ನು ಎಬ್ಬಿಸಿ ಕರೆದೊಯ್ಯಲು ಆ ಹೆಂಗಸರು ವರ್ಷಗಟ್ಟಲೆ ಆ ಬಾಗಿಲಿಗೆ ಬಂದವರು. ಅಲ್ಲಿ ಅವ್ವನನ್ನು ಕಂಡು ನಾಚಲು ಹುಡುಗರಿಗೆ ಹೊಸದೇನಿತ್ತು?

“ನಂಚ್ಕಣಾಕೆ ನಾವೇ ಸುಲಿದು ಕೊಟ್ಟಂಗಾತಲ್ರೀ!” ಅಂತ ಹೊನ್ನೂರಮ್ಮ ಮನೆಗೆ ಬಂದು ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ನಗುವಿನ ನೀರಾಗಿ ಉಳಿಯಲಿಲ್ಲ. ಓಬಣ್ಣನೂ ಆ ಕಾಳು ತಿಂದಿದ್ದ.

ಅಕ್ಕ ಮುಖ ಊದಿಸಿಕೊಂಡು ಬ್ಯಾಗು ತುಂಬತೊಡಗಿದಳು. “ನಡಿಯೇ ಶಾಂತಾ. ಸಂಸ್ಥೆಯವರ ದುಡ್ಡು ಅವರಿಗೆ ವಾಪಸ್ ಕೊಡಾಣ. ನಮಗೆ ಕಲ್ಸಾಕೆ ಬರಲ್ಲ.”

ಮೂಲೆಯಲ್ಲಿ ಎಲೆ ಮಡಿಸುತ್ತಿದ್ದ ಮೂಕಮ್ಮ, ಹೊನ್ನೂರಮ್ಮನ ಅತ್ತೆ, ಆಗ ಬಾಯಿ ಬಿಟ್ಟಳು.

“ನಾಳೆ ಬೀಜದ್ ಕಾಯಿ ತಗಂಡೋಗ್ರಿ.”

“ಅದ್ನೂ ತಿಂತಾರೆ ಬಿಡವ್ವ,” ಅಂದಳು ಅಕ್ಕ.

“ಬೀಜ ತಿನ್ನೋ ಧೈರ್ಯ ಈ ಊರಾಗೆ ಯಾವ ಗಂಡ್ಸಿಗೂ ಇಲ್ಲ.”

ಅವರ ಪದ್ಧತಿಯನ್ನು ಹೊನ್ನೂರಮ್ಮ ನಮಗೆ ಬಿಡಿಸಿ ಹೇಳಿದಳು. ಬಿತ್ತನೆಯ ಶೇಂಗಾದಲ್ಲಿ ಮೊದಲ ಹಿಡಿ ಸುಲಿಯಬೇಕಾದವನು ಆ ಮನೆಯಲ್ಲಿ ಕೂರಿಗೆ ಹಿಡಿದು ಬಿತ್ತುವ ಗಂಡಸು. ಅವನು ಸುಲಿಯದೆ ಹೆಂಗಸರು ಒಂದು ಕಾಯಿಯನ್ನೂ ಒಡೆಯುವಂತಿಲ್ಲ. ಸಾರಾಯಿ ಮುಟ್ಟಿದ ಕೈಯಂತೂ ಕೂಡದು. ಹೋದ ವರ್ಷ ಮಗ ಕುಡಿದು ಬಿದ್ದಿದ್ದಾಗ ಅವಳು ತನ್ನ ತಮ್ಮನನ್ನು ಕರೆಸಿ ಶಾಸ್ತ್ರ ಮುಗಿಸಿದ್ದಳು.

“ಈ ವರ್ಷ ತಮ್ಮನ್ನ ಕರಿಯಲ್ಲ,” ಅಂದಳು. “ಇವನು ಬರ್ಲಿಲ್ಲ ಅಂದ್ರೆ ಹೊಲ ಬೀಳಾಗ್ಲಿ.”

ಅದು ಬಾಯಿಮಾತಲ್ಲ. ಮೋಡ ಕಟ್ಟುವ ದಿನ ಹತ್ತಿರವಿತ್ತು.

ಮರುದಿನ ಸಂಜೆ ಮತ್ತೆ ಅದೇ ಬಾಗಿಲು. ಬೀಜದ ಕಾಯಿ ಮುಂದೆ ಹರಡಿಕೊಂಡು, ಕೈ ಮಡಿಲಲ್ಲಿಟ್ಟು ಹೆಂಗಸರು ಸುಮ್ಮನೆ ಕೂತರು. ಯಾರೂ ಬೈಯಲಿಲ್ಲ, ಕರೆಯಲಿಲ್ಲ. ಬಂದ ಹುಡುಗರು ರಾಶಿ ನೋಡಿದರು. ಯಾವ ಕೈಯೂ ಕಾಯಿಗೆ ಬರಲಿಲ್ಲ. ಒಬ್ಬಿಬ್ಬರು ತಲೆ ಕೆರೆದುಕೊಂಡು ಮನೆ ಕಡೆ ತಿರುಗಿದರು. ಕೆಲವರು ಗೋಡೆ ಬದಿಯಿಂದ ಒಳಗೆ ನುಸುಳಿದರು. ಎಲ್ಲರೂ ದೇವರಾಗಿಬಿಟ್ಟರು ಅಂತ ಹೇಳಿದರೆ ಸುಳ್ಳಾಗುತ್ತದೆ.

ಓಬಣ್ಣ ಆಗಲೇ ಒಳಗಿದ್ದ. ಲೋಟ ಹಿಡಿದು ಬಾಗಿಲಿಗೆ ಬಂದವನು ಅವ್ವನನ್ನು ಕಂಡ. ಬೇರೆ ರಾಶಿಗಳ ಹತ್ತಿರ ಯಾರ್ಯಾರೋ ಅಣ್ಣ, ಮಾವ ಬಂದು ಮೊದಲ ಹಿಡಿ ಸುಲಿದು ಕೊಟ್ಟಿದ್ದರು, ಚಟಚಟ ಸದ್ದು ಎದ್ದಿತ್ತು. ಹೊನ್ನೂರಮ್ಮನ ರಾಶಿ ಮಾತ್ರ ಹಾಗೇ ಇತ್ತು.

“ಸೋದರಮಾವ ಬರ್ಲಿಲ್ವಾ?” ಅಂದ.

“ನಾನು ಕರ್ದಿಲ್ಲ.”

“ಮತ್ತೆ ಯಾರು ಸುಲಿತಾರೆ?”

ಅವಳು ಅವನ ಕೈಯಲ್ಲಿದ್ದ ಲೋಟವನ್ನು ನೋಡಿದಳು. ಅವನು ಲೋಟವನ್ನು ಕಟ್ಟೆಯ ಮೇಲಿಟ್ಟು, ನಮ್ಮನ್ನೆಲ್ಲ ದಾಟಿ, ಮನೆ ಕಡೆಗಲ್ಲ, ಹೊಲದ ದಾರಿ ಹಿಡಿದು ಬಿರಬಿರನೆ ಹೋಗಿಬಿಟ್ಟ.

“ಓಡೋದ,” ಅಂದೆ ನಾನು. ಅಕ್ಕ ನನ್ನ ತೊಡೆ ಚಿವುಟಿದಳು. ಆಮೇಲೆ, ಸೊಕ್ಕೆಯವರು ಯಾವ ಜಾತಿಯವರು ಎಂದು ನಲ್ಲೂರಿನಲ್ಲಿ ನಾಲ್ಕು ಸಲ ವಿಚಾರಿಸಿದ್ದ ಅದೇ ಅಕ್ಕ, ಹೋಗಿ ಹೊನ್ನೂರಮ್ಮನ ಪಕ್ಕಕ್ಕೆ ಮೈ ತಾಗಿಸಿ ಕೂತಳು. ಅಕ್ಕ ಮಾತಾಡದೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಹೊತ್ತು ಮುಳುಗಿತು. ಉಳಿದವರು ಚೀಲ ಕಟ್ಟಿಕೊಂಡು ಎದ್ದರೂ ಮನೆಗೆ ಹೋಗಲಿಲ್ಲ.

ಓಬಣ್ಣ ಬಂದ. ತಲೆಯಿಂದ ಕಾಲಿನವರೆಗೆ ನೀರು ಸುರಿಯುತ್ತಿತ್ತು. ಅಂಗಿ ಮೈಗೆ ಅಂಟಿತ್ತು.

“ಕೈ ತೊಳ್ಕಣಾಣ ಅಂತ ಬಾವಿಗೋದೆ ಅವ್ವ,” ಅಂದ. “ಕೈ ಒಂದೇ ಸಾಲ್ದು ಅನ್ನಿಸ್ತು.”

ಹೊನ್ನೂರಮ್ಮ ಸರಿದು ಜಾಗ ಮಾಡಿದಳು. ಸೆರಗು ತೆಗೆದು ಅವನ ತಲೆಗೆ ಹಾಕಿ ಒರೆಸತೊಡಗಿದಳು.

“ಮೊದ್ಲು ತಲೆ ಆರ್ಲಿ ತಡಿ,” ಅಂದಳು. “ಬೀಜಕ್ಕೆ ನೀರು ಬಿದ್ದೀತು.”